ಮಾತ್ರೆಯೂ ಬೇಕು, ಮಾತೂ ಬೇಕು

(ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಚರ್ಚಿಸಲು ಪಾಠ. ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಒಂದೇ ಸಭೆಯಲ್ಲಿ ಮುಗಿಯದಿದ್ದರೆ ಎರಡು ವಾರ ತೆಗೆದುಕೊಳ್ಳಿ.)



ಉಳಿತಾಯ, ಸಾಲ, ಹೈನುಗಾರಿಕೆ, ಮಕ್ಕಳ ಲಸಿಕೆ, ರಕ್ತಹೀನತೆ ಇವುಗಳ ಬಗ್ಗೆ ನಮ್ಮ ಸಭೆಗಳಲ್ಲಿ ಬೇಕಾದಷ್ಟು ಮಾತಾಡಿದ್ದೇವೆ. ಸಕ್ಕರೆ ಕಾಯಿಲೆ, ಬಿ.ಪಿ. ಎಂದರೆ ಈಗ ಯಾರೂ ಮುಚ್ಚಿಡುವುದಿಲ್ಲ. 'ನಂಗೂ ಶುಗರ್ ಐತೆ ಕಣಕ್ಕ' ಎಂದು ಬಸ್ಸಿನಲ್ಲೇ ಹೇಳಿಕೊಳ್ಳುತ್ತೇವೆ. ಆದರೆ ಮನಸ್ಸಿನ ಕಾಯಿಲೆ ಎಂದ ಕೂಡಲೇ ದನಿ ತಗ್ಗುತ್ತದೆ, ಬಾಗಿಲು ಮುಚ್ಚುತ್ತದೆ. ಈ ಸಲದ ಪಾಠ ಆ ಮುಚ್ಚಿದ ಬಾಗಿಲಿನ ಬಗ್ಗೆ.

ಮೊದಲು ಒಂದು ಘಟನೆ

ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಸಂಘದಲ್ಲಿ ನಡೆದದ್ದು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿ ಹೇಳುತ್ತಿದ್ದೇವೆ.

ಆ ಸದಸ್ಯೆ ಎಂಟು ವರ್ಷದಿಂದ ಸಂಘದಲ್ಲಿದ್ದವರು. ಸಭೆಗೆ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುತ್ತಿದ್ದವರು. ಅಂಥವರು ಮೂರು ವಾರ ಬರಲಿಲ್ಲ. ಸಂಘದ ನಿಯಮದಂತೆ ನಾವು ವಾರಕ್ಕೆ ಹತ್ತು ರೂಪಾಯಿ ದಂಡ ಬರೆದೆವು. ಸಾಲದ ಕಂತೂ ತಪ್ಪಿತು. ನಾಲ್ಕನೆಯ ವಾರ ಇಬ್ಬರು ಸದಸ್ಯರು, ನಮ್ಮ ಕಾರ್ಯಕರ್ತೆ ಸೇರಿ ಅವರ ಮನೆಗೆ ಹೋದರು. ಆರೋಗ್ಯ ಕೇಳಲು ಹೋಗಿದ್ದಲ್ಲ, ಕಂತು ಕೇಳಲು ಹೋಗಿದ್ದು. ಇದನ್ನು ಮುಚ್ಚಿಡದೆ ಹೇಳಬೇಕು.

ಆಕೆ ಹಿತ್ತಲಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ತಲೆ ಬಾಚಿ ಎಷ್ಟೋ ದಿನವಾಗಿತ್ತು. ಹಸು ಹಾಲು ಕರೆಯುವ ಹೊತ್ತು ಮೀರಿ ಕೂಗುತ್ತಿತ್ತು. ಅತ್ತೆ, 'ಸೋಂಬೇರಿತನ ಕಣವ್ವ, ಬ್ಯಾರೇನಿಲ್ಲ. ಉಣ್ಣಕ್ಕೂ ಏಳಕ್ಕಿಲ್ಲ' ಎಂದರು. ಗಂಡ, 'ಗಾಳಿ ಸೋಕೈತೆ, ಅಮಾಸೆಗೆ ತಾಯಿತ ಕಟ್ಟಿಸ್ತೀವಿ' ಎಂದರು. ಆಕೆ ಮಾತ್ರ ತಲೆ ಎತ್ತದೆ, 'ಅಕ್ಕ, ನನ್ನ ಕೈಲಿ ಆಯ್ತಿಲ್ಲ. ಬೆಳಗಾಗದೇ ಬ್ಯಾಡ ಅನ್ನಿಸ್ತದೆ' ಎಂದರು.

ಆ ಮಾತು ಕೇಳಿದ ಮೇಲೆ ಕಂತಿನ ವಿಷಯ ಯಾರ ಬಾಯಿಗೂ ಬರಲಿಲ್ಲ. ಮುಂದೆ ಏನಾಯಿತು ಎಂಬುದನ್ನು ಪಾಠದ ಕೊನೆಯಲ್ಲಿ ನೋಡೋಣ.

ಇದು ಕಾಯಿಲೆಯೇ?

ಹೌದು. ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಎರಡು ವಾರಕ್ಕೂ ಮೀರಿ ಹೆಚ್ಚು ಕಡಿಮೆ ದಿನವಿಡೀ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಮತ್ತು ಹಸಿವು ಕೆಡುವುದು, ಸುಸ್ತು, 'ನಾನು ಯಾತಕ್ಕೂ ಬಾರದವಳು' ಎನ್ನಿಸುವುದು, ಸಾಯುವ ಯೋಚನೆ ಇವು ಕೂಡಿಕೊಂಡು ಮನೆಗೆಲಸವೂ ನಡೆಯದಂತಾದರೆ ಅದು ಖಿನ್ನತೆ ಎಂಬ ಕಾಯಿಲೆ. ನಮ್ಮ ಹೆಂಗಸರಲ್ಲಿ ಇದು ಎಷ್ಟೋ ಸಲ ಮೈಕೈ ನೋವು, ತಲೆನೋವು, ಎದೆ ಉರಿ, ಸುಸ್ತು ಎಂಬ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ. ಗ್ಲೂಕೋಸ್ ಹಾಕಿಸಿದರೂ, ಟಾನಿಕ್ ಕುಡಿದರೂ ಹೋಗುವುದಿಲ್ಲ.

ಬೇರೆ ಕಾಯಿಲೆಗಳೂ ಇವೆ. ಕಾರಣವಿಲ್ಲದೆ ಎದೆ ಹೊಡೆದುಕೊಂಡು ಭಯವಾಗುವುದು ಆತಂಕದ ಕಾಯಿಲೆ. ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ಮಾತು ಕೇಳುವುದು, ಊಟಕ್ಕೆ ವಿಷ ಹಾಕಿದ್ದಾರೆಂದು ಬಲವಾಗಿ ನಂಬುವುದು, ಒಬ್ಬರೇ ಮಾತಾಡಿಕೊಳ್ಳುವುದು ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಯ ಲಕ್ಷಣ. ಕೆಲವು ಕಾಲ ಅತಿ ಉತ್ಸಾಹ, ನಿದ್ದೆಯೇ ಬೇಡವೆನ್ನುವುದು, ಕೈಲಿದ್ದ ಹಣವನ್ನೆಲ್ಲ ಖರ್ಚು ಮಾಡುವುದು, ಮತ್ತೆ ಕೆಲವು ಕಾಲ ಪೂರ್ತಿ ಕುಸಿದು ಹೋಗುವುದು ಬೈಪೋಲಾರ್ ಎಂಬ ಕಾಯಿಲೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ನೂರು ಮಂದಿ ವಯಸ್ಕರಲ್ಲಿ ಹತ್ತಕ್ಕೂ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಲೆಕ್ಕ ಹಿಡಿದರೆ ಇಪ್ಪತ್ತು ಜನರ ಒಂದು ಸಂಘದಲ್ಲಿ ಸರಾಸರಿ ಇಬ್ಬರು ಇರಬಹುದು. ಅವರು ನಮ್ಮ ಪಕ್ಕದಲ್ಲೇ ಚಾಪೆಯ ಮೇಲೆ ಕೂತಿರಬಹುದು.

ಮಾತ್ರೆ ಏನು ಮಾಡುತ್ತದೆ?

ಮಿದುಳಿನ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕೆಲವು ರಾಸಾಯನಿಕಗಳು ಬೇಕು. ಕಾಯಿಲೆಯಲ್ಲಿ ಈ ಸುದ್ದಿಯ ಹರಿವು ಏರುಪೇರಾಗುತ್ತದೆ. ಮಾತ್ರೆಗಳು ಅದನ್ನು ಹದಕ್ಕೆ ತರಲು ಸಹಾಯ ಮಾಡುತ್ತವೆ. ಭ್ರಮೆ, ಕಿವಿಯಲ್ಲಿ ಕೇಳುವ ದನಿಗಳನ್ನು ತಗ್ಗಿಸುವ ಮೊದಲ ಔಷಧಿ ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದದ್ದು 1952ರಲ್ಲಿ. ಅದಕ್ಕೂ ಮೊದಲು ಇಂಥ ರೋಗಿಗಳನ್ನು ವರ್ಷಗಟ್ಟಲೆ ಕೂಡಿಹಾಕುವುದೇ ರೂಢಿಯಾಗಿತ್ತು.

ಮಾತ್ರೆಯ ಬಗ್ಗೆ ಪ್ರತಿ ಸದಸ್ಯೆಗೂ ಗೊತ್ತಿರಬೇಕಾದ ಸಂಗತಿಗಳು ಇವು:

- ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಗುಣ ತೋರುವುದಿಲ್ಲ. ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು.
- ತೊಂದರೆ ಮೊದಲು, ಗುಣ ಆಮೇಲೆ. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು, ತಲೆ ಭಾರ ಮೊದಲ ವಾರದಲ್ಲೇ ಬರಬಹುದು. ಅನೇಕರಿಗೆ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ. ಬಹಳ ಜನ ಮಾತ್ರೆ ಬಿಡುವುದು ಈ ಹೊತ್ತಿನಲ್ಲೇ.
- ಗುಣ ಕಂಡ ಕೂಡಲೇ ನಿಲ್ಲಿಸಬಾರದು. ಮೊದಲ ಸಲದ ಖಿನ್ನತೆಯಾದರೂ ಚೆನ್ನಾದ ಮೇಲೆ ಆರು ತಿಂಗಳಾದರೂ ಮುಂದುವರಿಸಲು ವೈದ್ಯರು ಹೇಳುತ್ತಾರೆ. ನಿಲ್ಲಿಸುವಾಗಲೂ ಅವರೇ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ.
- ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆಗೆ ಹೆಚ್ಚು ಕಾಲ, ಕೆಲವರಿಗೆ ವರ್ಷಗಟ್ಟಲೆ ಬೇಕು. ಸಕ್ಕರೆ ಕಾಯಿಲೆಗೆ ದಿನಾ ಮಾತ್ರೆ ನುಂಗುವುದಿಲ್ಲವೇ, ಹಾಗೆಯೇ ಇದು.
- ದಿನಾ ಮಾತ್ರೆ ನುಂಗಲು ಆಗದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಚುಚ್ಚುಮದ್ದೂ ಕೆಲವು ಕಾಯಿಲೆಗಳಿಗೆ ಇದೆ.

ಮಾತು ಏನು ಮಾಡುತ್ತದೆ?

ಇಲ್ಲಿ ಮಾತು ಎಂದರೆ 'ಧೈರ್ಯವಾಗಿರು, ಎಲ್ಲ ಸರಿಹೋಯ್ತದೆ ಬುಡು' ಎಂದು ಹೇಳಿ ಎದ್ದು ಬರುವುದಲ್ಲ. ಕಾಲು ಮುರಿದವರಿಗೆ 'ಧೈರ್ಯ ತಂದುಕೊಂಡು ನಡಿ' ಎಂದರೆ ನಡೆಯಲಾದೀತೇ? ಆಪ್ತಸಮಾಲೋಚನೆ ಕಲಿತು ಮಾಡುವ ಚಿಕಿತ್ಸೆ. ಅದರಲ್ಲಿ ಹಲವು ಬಗೆ ಇದೆ.

ಒಂದು, ಕಾಯಿಲೆ ಏನು, ಮಾತ್ರೆ ಯಾಕೆ ಎಂದು ರೋಗಿಗೂ ಮನೆಯವರಿಗೂ ಬಿಡಿಸಿ ಹೇಳುವುದು. ಎರಡು, ಸಣ್ಣ ಸಣ್ಣ ಕೆಲಸಗಳಿಂದ ದಿನಚರಿಯನ್ನು ಮತ್ತೆ ಕಟ್ಟುವುದು. ಇವತ್ತು ತಲೆ ಬಾಚುವುದು, ನಾಳೆ ನಲ್ಲಿಯವರೆಗೆ ಹೋಗಿ ಬರುವುದು, ಆಮೇಲೆ ಡೇರಿಗೆ ಹಾಲು ಹಾಕಿ ಬರುವುದು. ಮನಸ್ಸು ಬಂದ ಮೇಲೆ ಕೆಲಸ ಮಾಡೋಣವೆಂದು ಕಾದರೆ ಮನಸ್ಸು ಬರುವುದೇ ಇಲ್ಲ. ಕೆಲಸ ಹಿಡಿದರೆ ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ. ಮೂರು, ದೊಡ್ಡ ಕಷ್ಟವನ್ನು ತುಂಡು ಮಾಡಿ ಒಂದೊಂದಕ್ಕೂ ದಾರಿ ಹುಡುಕುವುದು. ನಾಲ್ಕು, 'ನಾನು ಕೆಟ್ಟ ತಾಯಿ, ನನ್ನಿಂದಲೇ ಎಲ್ಲ ಹಾಳಾಯ್ತು' ಎಂಬಂಥ ಯೋಚನೆಗಳನ್ನು ಹಿಡಿದು, ಇದು ಎಷ್ಟು ನಿಜ ಎಂದು ಒರೆಗೆ ಹಚ್ಚುವುದು. ಐದು, ಗಂಡ, ಅತ್ತೆ, ಮಕ್ಕಳನ್ನು ಕೂರಿಸಿಕೊಂಡು ಮಾತಾಡುವುದು.

ಮಾತ್ರೆಯಿಂದ ನಿದ್ದೆ ಬರಬಹುದು, ಕಣ್ಣೀರು ನಿಲ್ಲಬಹುದು. ಆದರೆ ತೀರದ ಸಾಲ, ಕುಡುಕ ಗಂಡ, ಸತ್ತ ಮಗುವಿನ ದುಃಖವನ್ನು ಮಾತ್ರೆ ತೆಗೆಯಲಾರದು. ಅವುಗಳ ಜೊತೆ ಬಾಳುವ, ಅವನ್ನು ಎದುರಿಸುವ ಬಲ ಮಾತಿನಿಂದ, ಜೊತೆಯಿಂದ ಬರಬೇಕು. ಹಾಗೆಯೇ, ಭ್ರಮೆಯಲ್ಲಿ ಮುಳುಗಿದವರಿಗೆ ಬರೀ ಬುದ್ಧಿಮಾತು ಹೇಳಿದರೆ ಕಿವಿಗೆ ಹೋಗುವುದಿಲ್ಲ. ಮಾತ್ರೆ ಮೊದಲು ಮನಸ್ಸನ್ನು ಒಂದು ಹದಕ್ಕೆ ತಂದರೆ ಮಾತು ಒಳಗಿಳಿಯುತ್ತದೆ. ಜೋಡಿ ಎತ್ತಿನ ಗಾಡಿಗೆ ಒಂದೇ ಎತ್ತು ಕಟ್ಟಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಎರಡೂ ಸೇರಿದರೆ ಗುಣ ಹೆಚ್ಚು: ಅನುಭವ ಏನು ಹೇಳುತ್ತದೆ?

ನಿಮ್ಹಾನ್ಸ್ ತಂಡ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ, ಆಮೇಲೆ ನಮ್ಮ ನಾಗಮಂಗಲದ ನೆರೆಯ ತುರುವೇಕೆರೆ ತಾಲ್ಲೂಕಿನಲ್ಲಿ, ಸ್ಕಿಜೋಫ್ರೇನಿಯಾ ಇರುವವರನ್ನು ಅವರ ಊರಿನಲ್ಲೇ ಗುರುತಿಸಿ ಚಿಕಿತ್ಸೆ ಕೊಡುವ ಕೆಲಸ ಮಾಡಿತು. ತೀರ್ಥಹಳ್ಳಿಯಲ್ಲಿ ಒಂದು ವರ್ಷ ನೋಡಿದಾಗ, ಚಿಕಿತ್ಸೆ ಪಡೆದವರು ತಮ್ಮ ಕೆಲಸ ತಾವು ಮಾಡಿಕೊಳ್ಳುವುದರಲ್ಲಿ ಸುಧಾರಿಸಿದ್ದರು. ಚಿಕಿತ್ಸೆ ಪಡೆಯದವರ ಸ್ಥಿತಿ ಹೆಚ್ಚು ಕಡಿಮೆ ಹಾಗೇ ಇತ್ತು. ಹಳ್ಳಿಯಲ್ಲೂ ಚಿಕಿತ್ಸೆ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ಗೋವಾ, ಮಹಾರಾಷ್ಟ್ರದ ಸಾತಾರಾ ಮತ್ತು ತಮಿಳುನಾಡಿನಲ್ಲಿ 282 ಮಂದಿ ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ಆಸ್ಪತ್ರೆಯ ಚಿಕಿತ್ಸೆ ಮಾತ್ರ. ಉಳಿದವರಿಗೆ ಅದರ ಜೊತೆಗೆ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗಿ ಮಾತಾಡಿ, ಮಾತ್ರೆಯ ಬಗ್ಗೆ ತಿಳಿಸಿ, ಕೆಲಸಕ್ಕೆ ಮರಳಲು ನೆರವಾದರು. ಎರಡೂ ಸಿಕ್ಕವರು ಸ್ವಲ್ಪ ಹೆಚ್ಚು ಸುಧಾರಿಸಿದರು.

ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇದ್ದವರ ಬಗ್ಗೆ ಇನ್ನೊಂದು ಅಧ್ಯಯನ 2016ರಲ್ಲಿ ಹೊರಬಂತು. ಅಲ್ಲಿ ವೈದ್ಯರ ಮಾಮೂಲಿ ಚಿಕಿತ್ಸೆಯ ಜೊತೆಗೆ ಆರರಿಂದ ಎಂಟು ಸಲ ಕೂತು ಮಾತಾಡುವ ಆಪ್ತಸಮಾಲೋಚನೆ ಸೇರಿಸಿದರು. ಮೂರು ತಿಂಗಳ ಮೇಲೆ ನೋಡಿದರೆ ಸಮಾಲೋಚನೆ ಸಿಕ್ಕವರಲ್ಲಿ ನೂರಕ್ಕೆ 64 ಮಂದಿ ಚೇತರಿಸಿಕೊಂಡಿದ್ದರು. ಸಿಗದವರಲ್ಲಿ ನೂರಕ್ಕೆ 39 ಮಂದಿ. ಆ ಸಮಾಲೋಚನೆ ಮಾಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ನಮ್ಮಂಥವರೇ.

ಒಬ್ಬೊಬ್ಬರಿಗೆ ಒಂದೊಂದು ರೀತಿ

ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ನೀರಿನ ಗದ್ದೆಗೆ ಹಾಕುವ ಗೊಬ್ಬರವನ್ನೇ, ಅಷ್ಟೇ ಅಳತೆಯಲ್ಲಿ, ನಾಗಮಂಗಲದ ಮಳೆಯಾಧಾರಿತ ರಾಗಿ ಹೊಲಕ್ಕೆ ಹಾಕುತ್ತೇವೆಯೇ? ಇಲ್ಲ. ಮಣ್ಣು ನೋಡಿ, ನೀರು ನೋಡಿ, ಬೆಳೆ ನೋಡಿ ಹಾಕುತ್ತೇವೆ. ಚಿಕಿತ್ಸೆಯೂ ಹಾಗೆಯೇ. 'ಅವ್ಳಿಗೂ ಇದೇ ಕಾಯಿಲೆ, ಅವ್ಳ ಮಾತ್ರೆ ಎರಡು ಕೊಡಿ' ಎಂದು ಕೇಳುವುದು ಅಪಾಯ.

ಕಾಯಿಲೆ ಕಡಿಮೆ ಮಟ್ಟದಲ್ಲಿದ್ದರೆ ಬರೀ ಸಮಾಲೋಚನೆಯಿಂದಲೇ ಗುಣವಾಗಬಹುದು. ಮಧ್ಯಮ ಅಥವಾ ತೀವ್ರ ಖಿನ್ನತೆಗೆ ಸಾಮಾನ್ಯವಾಗಿ ಎರಡೂ ಸೇರಿದರೆ ಒಳ್ಳೆಯದು. ಸ್ಕಿಜೋಫ್ರೇನಿಯಾ, ಬೈಪೋಲಾರ್‌ಗೆ ಮಾತ್ರೆ ಬೇಕೇ ಬೇಕು, ಮಾತು ಅದರ ಜೊತೆಗೆ. ಯಾವುದು ಎಷ್ಟು ಎಂದು ತೀರ್ಮಾನಿಸಲು ವೈದ್ಯರಿಗೆ ನಮ್ಮಿಂದ ವಿವರ ಬೇಕು. ಆದ್ದರಿಂದ ಹೋಗುವಾಗ ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೇಳದಿದ್ದರೂ ಹೇಳಿ:

1. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು: ಶುಗರ್, ಬಿ.ಪಿ., ಥೈರಾಯ್ಡ್, ಫಿಟ್ಸ್. ನಾಟಿ ಔಷಧಿ ಇದ್ದರೆ ಅದೂ. ಚೀಟಿಗಳನ್ನೂ ಖಾಲಿ ಪಟ್ಟಿಗಳನ್ನೂ ತೆಗೆದುಕೊಂಡು ಹೋಗಿ.
2. ಬಸುರಿಯೇ, ಬಾಣಂತಿಯೇ, ಹಾಲೂಡಿಸುತ್ತಿದ್ದೀರಾ, ಮಗುವಿಗೆ ಯೋಚಿಸುತ್ತಿದ್ದೀರಾ? ಕೆಲವು ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡುತ್ತವೆ. ಹಾಗೆಂದು ನಾವೇ ದಿಢೀರನೆ ನಿಲ್ಲಿಸಿದರೆ ತಾಯಿಗೆ ತೊಂದರೆ. ಮೊದಲೇ ಹೇಳಿದರೆ ವೈದ್ಯರು ಬದಲಿಸಿಕೊಡುತ್ತಾರೆ.
3. ಹಿಂದೆ ಯಾವ ಮಾತ್ರೆಯಿಂದ ಗುಣವಾಗಿತ್ತು, ಯಾವುದು ಒಗ್ಗಲಿಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ಇಂಥ ಕಾಯಿಲೆ ಇತ್ತೇ, ಅವರಿಗೆ ಯಾವುದು ಒಗ್ಗಿತ್ತು.
4. ನಿಮ್ಮ ದಿನದ ಕೆಲಸ. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕೇ, ಆಲೆಮನೆ, ಯಂತ್ರದ ಕೆಲಸವೇ, ಬಿಸಿಲಿನಲ್ಲಿ ಕಬ್ಬು ಕಡಿಯಬೇಕೇ? ಮಂಪರು ತರುವ ಮಾತ್ರೆಯ ಹೊತ್ತನ್ನು ಅದಕ್ಕೆ ಹೊಂದಿಸಬಹುದು. ಲಿಥಿಯಂ ಎಂಬ ಮಾತ್ರೆ ತೆಗೆದುಕೊಳ್ಳುವವರು ಬೆವರಿ ನೀರು ಕಳೆದುಕೊಂಡರೆ, ವಾಂತಿ ಭೇದಿಯಾದರೆ ಅಪಾಯ. ಅವರಿಗೆ ಆಗಾಗ ರಕ್ತಪರೀಕ್ಷೆಯೂ ಬೇಕು.
5. ಕುಡಿಯುವ ಅಭ್ಯಾಸ, ಹೊಗೆಸೊಪ್ಪು. ಗಂಡಸರ ವಿಷಯದಲ್ಲಿ ಇದನ್ನು ಮುಚ್ಚಿಡುವುದೇ ಹೆಚ್ಚು.
6. ಮನೆಯ ಕಷ್ಟ: ಸಾಲ, ಜಗಳ, ಹೊಡೆತ. ಇದು ಸಮಾಲೋಚಕರಿಗೆ ಗೊತ್ತಾಗದಿದ್ದರೆ ಮಾತು ಎಲ್ಲಿಂದ ಶುರುವಾಗಬೇಕು?

ಮೊದಲ ಮಾತ್ರೆ ಒಗ್ಗದಿದ್ದರೆ ಸೋತಂತಲ್ಲ. ಅಳತೆ ಬದಲಿಸಬಹುದು, ಮಾತ್ರೆ ಬದಲಿಸಬಹುದು. ಕೈಕಾಲು ಬಿಗಿಯುವುದು, ನಡುಕ, ತೂಕ ಏರುವುದು, ಮುಟ್ಟು ತಪ್ಪುವುದು, ಹೆಚ್ಚು ನಿದ್ದೆ ಏನೇ ಇದ್ದರೂ ನಾಚಿಕೊಳ್ಳದೆ ಹೇಳಬೇಕು.

ಹಳ್ಳಿಯಲ್ಲಿ ಕೇಳುವ ಮಾತುಗಳು

'ನಿದ್ದೆ ಮಾತ್ರೆ ಕೊಟ್ಟು ಮಲಗಿಸ್ತಾರೆ, ಅಭ್ಯಾಸ ಆಗೋಯ್ತದೆ.' ಖಿನ್ನತೆಯ ಮಾತ್ರೆ ಹೆಂಡದಂತೆ ಚಟ ಹಿಡಿಸುವುದಿಲ್ಲ. ದಿಢೀರನೆ ಬಿಟ್ಟರೆ ಮಾತ್ರ ತಲೆಸುತ್ತು, ಚಡಪಡಿಕೆ ಆಗಬಹುದು. ಆದರೆ ಆಲ್‌ಪ್ರಜೋಲಂ, ಡಯಾಜೆಪಾಂನಂಥ ಮಾತ್ರೆಗಳನ್ನು ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗಿದರೆ ಅಭ್ಯಾಸವಾಗುತ್ತದೆ. ಅವನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಿ.

'ಮದ್ವೆ ಮಾಡಿದ್ರೆ ಸರಿಹೋಯ್ತದೆ.' ಮದುವೆ ಔಷಧಿಯಲ್ಲ. ಮುಚ್ಚಿಟ್ಟು ಮದುವೆ ಮಾಡಿದರೆ, ಸೊಸೆ ಗುಟ್ಟಾಗಿ ಮಾತ್ರೆ ನುಂಗಬೇಕಾಗುತ್ತದೆ ಅಥವಾ ಬಿಡಬೇಕಾಗುತ್ತದೆ. ಎರಡು ಮನೆಗೂ ನೋವು.

'ದೇವರಿಗೆ ಹರಕೆ ಹೊತ್ತಿದ್ದೀವಿ, ಮಾತ್ರೆ ಯಾಕೆ?' ಹರಕೆ ತೀರಿಸಿ, ಪ್ರಾರ್ಥನೆ ಮಾಡಿ. ಅದರಿಂದ ಮನಸ್ಸಿಗೆ ಬಲ ಬರುತ್ತದೆ, ನಾವು ಬೇಡವೆನ್ನುವುದಿಲ್ಲ. ಆದರೆ ಮಾತ್ರೆ ನಿಲ್ಲಿಸಿ ಅಲ್ಲ, ಕಟ್ಟಿಹಾಕಿ ಅಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ದರ್ಗಾದ ಬಳಿಯ ಒಂದು ಆಶ್ರಮಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಇದಕ್ಕೆ ಎದುರಾಗಿ ಬೆಲ್ಜಿಯಂ ದೇಶದ ಗೀಲ್ ಎಂಬ ಊರನ್ನು ನೋಡಿ. ಸಂತ ಡಿಂಫ್ನಾ ಅವರ ದೇವಾಲಯಕ್ಕೆ ಬರುತ್ತಿದ್ದ ಮಾನಸಿಕ ರೋಗಿಗಳನ್ನು ಆ ಊರಿನ ಜನ ನೂರಾರು ವರ್ಷಗಳಿಂದ ತಮ್ಮ ಮನೆಗಳಲ್ಲೇ ಇಟ್ಟುಕೊಂಡು, ಹೊಲಮನೆ ಕೆಲಸದಲ್ಲಿ ಜೊತೆಗೆ ಸೇರಿಸಿಕೊಂಡು ಬಂದರು. ಈಗ ಅಲ್ಲಿ ವೈದ್ಯರ ಚಿಕಿತ್ಸೆಯೂ ಇದೆ, ಮನೆಯ ಆಸರೆಯೂ ಇದೆ. ಭಕ್ತಿ ಎರಡೂ ಕಡೆ ಇತ್ತು. ಒಂದು ಕಡೆ ಸರಪಳಿ, ಇನ್ನೊಂದು ಕಡೆ ಊಟದ ಎಲೆ. ನಾವು ಯಾವುದನ್ನು ಆರಿಸಿಕೊಳ್ಳಬೇಕು?

ಬಾಣಂತಿಯರ ಬಗ್ಗೆ ಎಚ್ಚರ

ಹೆರಿಗೆಯಾದ ಮೊದಲ ವಾರಗಳಲ್ಲಿ ಬಾಣಂತಿಗೆ ಇದ್ದಕ್ಕಿದ್ದಂತೆ ನಿದ್ದೆಯೇ ಬಾರದಿರುವುದು, ಅರ್ಥವಿಲ್ಲದ ಮಾತು, ಮಗುವಿನ ಬಗ್ಗೆ ವಿಚಿತ್ರ ಭಯ ಅಥವಾ ಸಿಟ್ಟು ಕಂಡರೆ ಅದು ತುರ್ತು ಸ್ಥಿತಿ. 'ಬಾಣಂತಿ ಸನ್ನಿ, ನಂಜು' ಎಂದು ಕಾಯಬೇಡಿ. ತಾಯಿ ಮಗು ಇಬ್ಬರನ್ನೂ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರಿಯಾದ ಚಿಕಿತ್ಸೆಯಿಂದ ಬಹುಪಾಲು ತಾಯಂದಿರು ಪೂರ್ತಿ ಗುಣವಾಗುತ್ತಾರೆ. ಇಂಥ ತಾಯಂದಿರನ್ನು ಮಗುವಿನ ಜೊತೆಯಲ್ಲೇ ಇರಿಸಿಕೊಂಡು ನೋಡುವ ವಿಭಾಗ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಶುರುವಾಯಿತು.

ಎಲ್ಲಿಗೆ ಹೋಗಬೇಕು?

1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಕೊಟ್ಟು ತೋರಿಸಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆದ್ದರಿಂದ ಬೆಂಗಳೂರಿಗೇ ಹೋಗಬೇಕೆಂದೇನಿಲ್ಲ.

- ಮೊದಲು ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ.
- ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ಏರ್ಪಾಡನ್ನು ಸರಕಾರ ಮಾಡಿತು. ನಿಮ್ಮ ತಾಲ್ಲೂಕಿಗೆ ವೈದ್ಯರು ಬರುವ ದಿನವನ್ನು ಆಶಾ ಕಾರ್ಯಕರ್ತೆಯಿಂದ ಖಚಿತ ಮಾಡಿಕೊಂಡು ಹೋಗಿ, ಬಸ್ ಚಾರ್ಜು ದಂಡವಾಗಬಾರದು.
- ದೊಡ್ಡ ಆಸ್ಪತ್ರೆ ಬೇಕಾದರೆ ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆ (ಮಿಮ್ಸ್). ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ಕಡೆಯವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ. ನಾಗಮಂಗಲದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ.
- ಫೋನಿನಲ್ಲಿ ಮಾತಾಡಲು ಟೆಲಿ-ಮನಸ್: 14416. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರಕಾರಿ ಸೇವೆ. ಹಗಲು ರಾತ್ರಿ, ಕನ್ನಡದಲ್ಲೇ, ಉಚಿತ.

ಕಾನೂನು ನಮ್ಮ ಜೊತೆಗಿದೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರಿಂದ ಜಾರಿಯಲ್ಲಿದೆ. ಸರಕಾರ ನಡೆಸುವ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಅವರ ಕಾಯಿಲೆಯ ವಿಷಯವನ್ನು ಗುಟ್ಟಾಗಿ ಇಡಬೇಕು. ಮುಂದೆ ಕಾಯಿಲೆ ಹೆಚ್ಚಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮೊದಲೇ ಬರೆದಿಡಬಹುದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಕಾನೂನು ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರಕಾರದ ಹೊಣೆ. ಆದ್ದರಿಂದ 'ಪೊಲೀಸ್ ಕೇಸಾಯ್ತದೆ' ಎಂದು ಹೆದರಿ ಆಸ್ಪತ್ರೆಗೆ ಒಯ್ಯದೇ ಇರಬೇಡಿ. ದೀರ್ಘಕಾಲದ ಮಾನಸಿಕ ಕಾಯಿಲೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಸೇರಿಸಿಕೊಂಡಿದೆ. ಶೇಕಡ 40ಕ್ಕಿಂತ ಕಡಿಮೆಯಿಲ್ಲದಷ್ಟು ನ್ಯೂನತೆ ಇದ್ದರೆ ಪ್ರಮಾಣಪತ್ರಕ್ಕೆ ಜಿಲ್ಲಾಸ್ಪತ್ರೆಯಲ್ಲಿ ಕೇಳಿ.

ನಮ್ಮ ಸಂಘ ಏನು ಮಾಡಬಹುದು?

1. ಎರಡು ವಾರ ಸಭೆಗೆ ಬಾರದಿದ್ದರೆ ದಂಡ ಬರೆಯುವ ಮೊದಲು ಮನೆಗೆ ಹೋಗಿ ಕೇಳುವುದು.
2. ಮಾತಾಡುವಾಗ ಬುದ್ಧಿ ಹೇಳದೆ ಕೇಳಿಸಿಕೊಳ್ಳುವುದು. ಕೇಳಿದ್ದನ್ನು ಬಾವಿಕಟ್ಟೆಯಲ್ಲಿ ಹರಡದಿರುವುದು.
3. ಆಸ್ಪತ್ರೆಗೆ ಮೊದಲ ಮೂರು ಸಲವಾದರೂ ಜೊತೆಗೆ ಹೋಗುವುದು.
4. ಮಾತ್ರೆಯ ಮೊದಲ ನಾಲ್ಕು ವಾರ ದಿನಾ ಒಬ್ಬರು ವಿಚಾರಿಸುವುದು. ಎಲ್ಲಕ್ಕಿಂತ ಕಷ್ಟದ ಕಾಲ ಅದು.
5. ಕಾಯಿಲೆಯ ಕಾಲದಲ್ಲಿ ಕಂತು ಮುಂದೂಡುವ ಬಗ್ಗೆ ಸಂಘದಲ್ಲಿ ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯುವುದು.
6. 'ಸತ್ತೋಗ್ಬೇಕು' ಎಂಬ ಮಾತನ್ನು ಎಂದೂ ಹಗುರವಾಗಿ ತೆಗೆದುಕೊಳ್ಳದಿರುವುದು. ನೇರವಾಗಿ ಕೇಳಿ, 'ಸಾಯೋ ಯೋಚ್ನೆ ಬತ್ತೈತಾ?' ಹೀಗೆ ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಒಂಟಿಯಾಗಿ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಗಳನ್ನೂ ಉಳಿದ ಮಾತ್ರೆಗಳನ್ನೂ ಬೇರೆಯವರ ಸುಪರ್ದಿನಲ್ಲಿ ಬೀಗ ಹಾಕಿಡಿ. ವಿಷ ಕುಡಿದಿದ್ದರೆ 108ಕ್ಕೆ ಫೋನ್ ಮಾಡಿ, ಡಬ್ಬವನ್ನೂ ಜೊತೆಗೆ ಕೊಂಡೊಯ್ಯಿರಿ.

ಆ ಸದಸ್ಯೆಯ ಕತೆ ಏನಾಯಿತು?

ಆಕೆಯನ್ನು ಮನೋವೈದ್ಯರಿಗೆ ತೋರಿಸಿದೆವು. ಮಾತ್ರೆ ಕೊಟ್ಟರು. ಹತ್ತು ದಿನದಲ್ಲಿ ಆಕೆ ಬಿಟ್ಟುಬಿಟ್ಟರು. ಬಾಯಿ ಒಣಗುತ್ತದೆ, ಬೆಳಿಗ್ಗೆ ಎಚ್ಚರವಾಗುವುದಿಲ್ಲ, ಡೇರಿಗೆ ಹಾಲು ತಪ್ಪುತ್ತದೆ, ಅತ್ತೆ ಬೈಯುತ್ತಾರೆ. ಗುಣವಂತೂ ಕಾಣಲಿಲ್ಲ. ಒಂದು ತಿಂಗಳಲ್ಲಿ ಸ್ಥಿತಿ ಮೊದಲಿಗಿಂತ ಕೆಟ್ಟಿತು. ನಾವೂ ಒಂದು ಸಲ ಕರೆದುಕೊಂಡು ಹೋಗಿ 'ನಮ್ಮ ಕೆಲಸ ಆಯ್ತು' ಎಂದುಕೊಂಡಿದ್ದೆವು.

ಎರಡನೆಯ ಸಲ ಹೋದಾಗ ಡೇರಿಯ ವಿಷಯ ವೈದ್ಯರಿಗೆ ಹೇಳಿದೆವು. ಅವರು ಮಾತ್ರೆ ಬದಲಿಸಿ, ನುಂಗುವ ಹೊತ್ತನ್ನು ಸಂಜೆಗೆ ತಂದರು. ಸಮಾಲೋಚಕಿ ನಾಲ್ಕು ಸಲ ಕೂತು ಮಾತಾಡಿದ ಮೇಲೆ ಗಂಟು ಬಿಚ್ಚಿತು. ತವರಿನ ಕಷ್ಟಕ್ಕೆ ಗಂಡನಿಗೆ ಹೇಳದೆ ಹೊರಗಡೆ ಕೈಸಾಲ ಮಾಡಿದ್ದರು, ಬಡ್ಡಿಯವರು ಮನೆ ಬಾಗಿಲಿಗೆ ಬರುತ್ತೇವೆಂದು ಹೆದರಿಸುತ್ತಿದ್ದರು. ಗಂಡನನ್ನೂ ಅತ್ತೆಯನ್ನೂ ಕೂರಿಸಿ ಮಾತಾಡಲಾಯಿತು. ಅತ್ತೆ ಮೊದಲು ರೇಗಿದರು. ಆಮೇಲೆ, 'ನಂಗೂ ನಡು ಮಗ ಸತ್ತಾಗ ಹಿಂಗೇ ಆಗಿತ್ತು, ಯಾರು ಕೇಳೋರು' ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಂದಿನಿಂದ ಸೊಸೆಯ ಮಾತ್ರೆಯನ್ನು ನೆನಪಿಸುವವರು ಅವರೇ.

ಈಗ ಒಂಬತ್ತು ತಿಂಗಳಾಗಿದೆ. ಆಕೆ ಸಭೆಗೆ ಬರುತ್ತಾರೆ. ಮಾತ್ರೆ ಇನ್ನೂ ಇದೆ. ಕೈಸಾಲ ಪೂರ್ತಿ ತೀರಿಲ್ಲ. ಕೆಲವು ದಿನ ಮಂಕಾಗಿರುತ್ತಾರೆ, ಆದರೆ ಹೇಳಿಕೊಳ್ಳುತ್ತಾರೆ. ಒಂದು ದಿನ ಸಭೆಯಲ್ಲಿ ಅವರೇ ಹೇಳಿದರು: 'ಮೂವತ್ತು ರೂಪಾಯಿ ದಂಡ ಹಾಕಿದ್ರಲ್ಲ, ಅದರ ಬದ್ಲು ಒಂದು ಸತಿ ಯಾಕೆ ಬರ್ನಿಲ್ಲ ಅಂತ ಕೇಳಿದ್ದಿದ್ರೆ ಅವತ್ತೇ ಹೇಳ್ಬುಡ್ತಿದ್ದೆ.'

ಯಾರೂ ಮಾತಾಡಲಿಲ್ಲ. ಪುಸ್ತಕ ಬರೆಯುವವರು ಆ ಮೂವತ್ತು ರೂಪಾಯಿಯನ್ನು ವಾಪಸು ಕೊಟ್ಟು, ನಡಾವಳಿಯಲ್ಲಿ ಬರೆದರು. ಎಲ್ಲರೂ ಸಹಿ ಹಾಕಿದೆವು.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಒಂದು ವರ್ಷದಲ್ಲಿ ನಮ್ಮ ಸಂಘ ಬಿಟ್ಟವರು, ಬರುವುದು ಕಡಿಮೆ ಮಾಡಿದವರು ಯಾರು? ಕಾರಣ ಕೇಳಿದ್ದೇವೆಯೇ? (ಹೆಸರು ಹಿಡಿದು ಚರ್ಚಿಸಬೇಡಿ. ಯಾರು ಹೋಗಿ ವಿಚಾರಿಸುತ್ತಾರೆ ಎಂದು ಮಾತ್ರ ತೀರ್ಮಾನಿಸಿ.)
2. ಮಾತ್ರೆ ಶುರು ಮಾಡಿದವರು ಮಧ್ಯದಲ್ಲಿ ಬಿಡಲು ನಮ್ಮೂರಿನಲ್ಲಿ ಮುಖ್ಯ ಕಾರಣಗಳೇನು? ಅದರಲ್ಲಿ ಸಂಘ ಸರಿಪಡಿಸಬಹುದಾದದ್ದು ಯಾವುದು?
3. 'ಧೈರ್ಯವಾಗಿರು' ಎನ್ನುವುದಕ್ಕೂ ಕೂತು ಕೇಳಿಸಿಕೊಳ್ಳುವುದಕ್ಕೂ ಏನು ವ್ಯತ್ಯಾಸ? ಇಬ್ಬಿಬ್ಬರು ಜೋಡಿಯಾಗಿ ಐದು ನಿಮಿಷ ಮಾಡಿ ನೋಡಿ.
4. ಕಾಯಿಲೆಯಾದ ಸದಸ್ಯೆಯ ಕಂತು ಮತ್ತು ದಂಡದ ಬಗ್ಗೆ ನಮ್ಮ ಸಂಘದ ನಿಯಮದಲ್ಲಿ ಏನು ಬದಲಾಗಬೇಕು?

ಮುಂದಿನ ಸಭೆಗೆ ಮೊದಲು ಮಾಡಬೇಕಾದ ಕೆಲಸ: ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನೂ 14416 ಸಂಖ್ಯೆಯನ್ನೂ ದೊಡ್ಡದಾಗಿ ಬರೆದು, ಸಂಘದ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ.